ಏಣಿ, ಕಿರೀಟ, ಹಿತ್ತಲ ಬಾಗಿಲು

ನನ್ನ ಮೈದುನನನ್ನು ಅವನ ಗಿರಾಕಿಗಳು ಮೇಷ್ಟ್ರು ಎನ್ನುತ್ತಾರೆ. ಅವನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ, ಕಲಿತದ್ದೂ ಅಷ್ಟಕ್ಕಷ್ಟೇ. ಗೋಡೆಗೆ ಮೊಳೆ ಹೊಡೆಯುವವನನ್ನು ಯಾರೂ ಮೇಷ್ಟ್ರು ಎನ್ನುವುದಿಲ್ಲ. ಗಂಡಸರ ಸೊಂಟದ ಕೆಳಗೆ ಹೊಡೆದರೆ ಅನ್ನುತ್ತಾರೆ. ನಾನು ಮನಸ್ಸಿನಲ್ಲೇ ಅವನಿಗೆ ಚುಚ್ಚಪ್ಪ ಎಂದು ಹೆಸರಿಟ್ಟು ಬಹಳ ಕಾಲವಾಯಿತು.

ನಾವಿರುವುದು ಮೊದಲ ಮಹಡಿಯಲ್ಲಿ. ಕೆಳಗೆ ಎರಡು ಅಂಗಡಿ. ಒಂದು ಇಸ್ತ್ರಿಯವರದು, ಇನ್ನೊಂದು ಇವನದು. ಬೀದಿಯಿಂದ ಹತ್ತುವ ಮೆಟ್ಟಿಲು ಎಲ್ಲರಿಗೂ ಒಂದೇ. ಇಸ್ತ್ರಿಯವರ ಕಡೆಯಿಂದ ಬಿಸಿ ಬಟ್ಟೆಯ ವಾಸನೆ ಮೇಲೆ ಬರುತ್ತದೆ, ಇವನ ಕಡೆಯಿಂದ ಸ್ಪಿರಿಟ್ಟಿನದು. ಮಗು ಹುಟ್ಟಿದಾಗಿನಿಂದ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಯಾರ್ಯಾರ ರಕ್ತವೋ, ಯಾವ್ಯಾವ ರೋಗವೋ. ಒಂದು ದಿನ ಮೆಟ್ಟಿಲ ಮೇಲೆ ಸಣ್ಣದೊಂದು ಉಕ್ಕಿನ ಗುಂಡು ಹೊಳೆಯುತ್ತಿತ್ತು. ಮಗು ಅದನ್ನು ಬಾಯಿಗೆ ಹಾಕಿಕೊಂಡಿದ್ದರೆ ಉಸಿರು ಕಟ್ಟಿ ಏನಾಗುತ್ತಿತ್ತು ಎಂದು ನೆನೆಯುತ್ತಲೇ ಅದನ್ನೆತ್ತಿಕೊಂಡು ಕೆಳಗಿಳಿದೆ.

"ಏನಿದು?" ಎಂದು ಅವನ ಮೂಗಿನ ಕೆಳಗೆ ಹಿಡಿದೆ.

"ಅಯ್ಯೋ, ಸಿಕ್ತಾ? ಬೆಳಿಗ್ಗೆಯಿಂದ ಹುಡುಕ್ತಾ ಇದ್ದೆ ಅತ್ತಿಗೆ. ಚುಚ್ಚಿ ಕೂರಿಸೋ ಕಂಬಿ ತುದಿಗೆ ಹಾಕೋ ಗುಂಡು. ಹೊಸದು, ಯಾರೂ ಹಾಕ್ಕೊಂಡಿಲ್ಲ."

"ಹಾಕ್ಕೊಂಡಿದ್ರೆ?"

"ಹಾಕ್ಕೊಂಡಿದ್ರೆ ಮೆಟ್ಟಲ ಮೇಲೆ ಯಾಕೆ ಬೀಳ್ತಿತ್ತು? ನನ್ನ ಕೆಲಸ ಅಷ್ಟು ಸಡಿಲ ಅಂದ್ಕೊಂಡ್ರಾ?"

ಇದು ಅವನು ಕೊಡುವ ಸಮಾಧಾನ. ಇಂಥವನ ಜೊತೆ ಒಂದೇ ಸೂರಿನಡಿ ಮಗು ಸಾಕುವುದೆಂದರೆ ಏನೆಂದು ನನ್ನ ತಾಯಿಗೆ ಫೋನಿನಲ್ಲಿ ಹೇಳಲೂ ನಾಚಿಕೆ. ಅವಳ ಪ್ರಕಾರ ಅಳಿಯನ ತಮ್ಮ ‘ಒಡವೆ ಅಂಗಡಿ’ ಇಟ್ಟಿದ್ದಾನೆ.

ಇವನ ಪೂರ್ವಾಪರ ಹೇಳಿಬಿಡುತ್ತೇನೆ. ಮೊದಲು ಮೊಬೈಲ್ ಕವರ್ ಮಾರಿದ. ಗಿರಾಕಿ ಒಂದು ಕೇಳಿದರೆ ಇವನಿಗಿಷ್ಟವಾದ ಇನ್ನೊಂದನ್ನು ಕೊಟ್ಟು ಜಗಳವಾಡಿದ. ಆಮೇಲೆ ಜಿಮ್ ಒಂದರಲ್ಲಿ ಪ್ರೋಟೀನ್ ಪುಡಿ ಮಾರಲು ನಿಂತು ಅರ್ಧ ಡಬ್ಬಿ ತಾನೇ ಕುಡಿದ. ಆಮೇಲೆ ಹಚ್ಚೆ ಅಂಗಡಿ. ಹಚ್ಚೆ ಹಾಕಲು ಚಿತ್ರ ಬರೆಯಲು ಬರಬೇಕು. ಒಬ್ಬನ ತೋಳಿನ ಮೇಲೆ ಇವನು ಬಿಡಿಸಿದ ಹುಲಿ ಹಸಿದ ಬೆಕ್ಕಿನ ಹಾಗಿತ್ತಂತೆ. ತೋಳಿನವನು ಇವನನ್ನು ಹುಡುಕಿಕೊಂಡು ಮನೆತನಕ ಬಂದಿದ್ದ. ಚುಚ್ಚುವುದಕ್ಕೆ ಚಿತ್ರಕಲೆ ಬೇಡ. ಹಾಗಾಗಿ ಸೂಜಿ ಹಿಡಿದ.

ಗಿರಾಕಿಗಳ ಕಿವಿ ಮೂಗು ಚುಚ್ಚಿಕೊಂಡು ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಕಿವಿ ಮೂಗು ಚುಚ್ಚುವವನನ್ನು ಯಾರೂ ಮೇಷ್ಟ್ರು ಎನ್ನುವುದಿಲ್ಲವಲ್ಲ. ಬೇರೆ ಊರಿಗೆ ಹೋಗಿ ಅದೇನೋ ಸಣ್ಣ ತರಬೇತಿ ಮುಗಿಸಿಕೊಂಡು, ಉಳಿದದ್ದನ್ನು ಫೋನಿನಲ್ಲಿ ನೋಡಿ ಕಲಿತು ಬಂದ. ಬಂದವನು ಊಟಕ್ಕೆ ಕೂತಾಗ ಅಣ್ಣನಿಗೆ ಅದನ್ನೆಲ್ಲ ವಿವರಿಸುತ್ತಿದ್ದ. ಅಡುಗೆಮನೆಯಲ್ಲಿದ್ದ ನನಗೆ ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ತುದಿಗೆ ರಿಂಗು ಹಾಕ್ಸೋದು ಮಾಮೂಲು ಅಣ್ಣಾ. ದಾರೀಲಿ ಹೋಗೋರೆಲ್ಲ ಹಾಕಿಸ್ತಾರೆ. ನಾನು ಮಾಡೋದು ಅಪರೂಪದ್ದು ಮಾತ್ರ."

"ಅಪರೂಪದ್ದು ಅಂದ್ರೆ ಎಂಥದ್ದೋ?" ಎಂದರು ನಮ್ಮವರು. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವುದಕ್ಕೆ ಯಾವ ಬೋಲ್ಟು ಎಂದು ಯಾರು ಹೇಳಿದರೂ ಕೇಳುತ್ತಾ ಕೂರುತ್ತಾರೆ.

ಅಸಲು ಹೆಸರುಗಳಿಗೆ ಇವನ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ತಾನೇ ಹೆಸರಿಟ್ಟಿದ್ದ. ಗಂಡಸಿನ ಅಂಗದ ಕೆಳಮೈಯುದ್ದಕ್ಕೂ ಒಂದರ ಕೆಳಗೊಂದು ಅಡ್ಡಡ್ಡ ಕಂಬಿ ಹಾಕಿದರೆ ಅದು ‘ಏಣಿ’. ತಲೆಯ ಭಾಗದ ಅಂಚಿನಲ್ಲಿ ಸುತ್ತಲೂ ಚಿಕ್ಕ ಚಿಕ್ಕ ಕಂಬಿ ಕೂರಿಸಿದರೆ ‘ಕಿರೀಟ’. ಅದೇ ತಲೆಯೊಳಗೆ ಎಡದಿಂದ ಬಲಕ್ಕೆ ಕಂಬಿ ತೂರಿಸಿದರೆ ‘ಅಡ್ಡಪಟ್ಟಿ’, ಮೇಲಿನಿಂದ ಕೆಳಕ್ಕೆ ತೂರಿಸಿದರೆ ‘ನಿಲುಗಂಬ’, ಎರಡೂ ಒಟ್ಟಿಗಿದ್ದರೆ ‘ನಾಲ್ಕುದಾರಿ’. ಬೀಜಗಳ ಹಿಂದೆ, ಕೂರುವ ಜಾಗಕ್ಕಿಂತ ತುಸು ಮುಂದೆ, ಯಾವ ಕನ್ನಡಿಗೂ ಕಾಣದ ಕಡೆ ಹಾಕುವುದಕ್ಕೆ ‘ಹಿತ್ತಲ ಬಾಗಿಲು’. ಈ ಹೆಸರುಗಳನ್ನು ಅವನು ತಟ್ಟೆಯ ಮುಂದೆ ಕೂತು, ತರಕಾರಿ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ.

ಅಂಗಡಿಯ ಗೋಡೆಗೆ ಇವುಗಳ ರೇಖಾಚಿತ್ರ ಅಂಟಿಸಿದ್ದ. ಕಣ್ಣು ಮಂಜಾದ ಅತ್ತೆ ಒಮ್ಮೆ ಒಳಗೆ ಹೋಗಿ ನೋಡಿ ಬಂದು ಇಸ್ತ್ರಿಯವರ ಹೆಂಡತಿಗೆ ಹೇಳಿದರು: "ನನ್ನ ಚಿಕ್ಕ ಮಗ ನಲ್ಲಿ ರಿಪೇರಿನೂ ಕಲ್ತಿದಾನೆ. ಒಳಗೆಲ್ಲಾ ನಲ್ಲಿ ಚಿತ್ರ." ನಾನು ತಿದ್ದಲಿಲ್ಲ. ತಿದ್ದುವುದಾದರೂ ಹೇಗೆ?

ಯಾರಪ್ಪಾ ಇಂಥದ್ದಕ್ಕೆ ಬರುವವರು ಎಂದುಕೊಂಡಿದ್ದೆ. ಬಂದರು. ಬ್ಯಾಂಕಿನ ಕ್ಯಾಷಿಯರ್ ಬಂದ, ಕೈಯಲ್ಲಿ ಊಟದ ಡಬ್ಬಿ, ಹಣೆಯಲ್ಲಿ ಬೆವರು. ಜಿಮ್ ಮಾಸ್ಟರ್ ಬಂದ, ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ಭುಜ. ಕಲ್ಲಂಗಡಿ ಕೊಳ್ಳುವಾಗ ಅಂಗಡಿಯವನ ತಾಳ್ಮೆ ಹೋಗುವಷ್ಟು ಬೆರಳಲ್ಲಿ ಬಡಿದು ನೋಡುವ ಗಂಡಸರು ಇವರು. ಇವನ ಮುಂದೆ ಮಾತ್ರ ಒಂದು ಪ್ರಶ್ನೆಯೂ ಕೇಳದೆ, ಅವನು ಎಲ್ಲಿಂದಲೋ ತಂದಿಟ್ಟುಕೊಂಡಿದ್ದ ಹಲ್ಲಿನ ಡಾಕ್ಟರ ಹಳೆಯ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತಿದ್ದರು. ನಾನು ಇದರ ಬಗ್ಗೆ ಓದಿ ನೋಡಿದ್ದೇನೆ. ಓದದೆ ನನಗೆ ಇರಲಾಗುವುದಿಲ್ಲ. ಅಡ್ಡಪಟ್ಟಿ ಮಾಯಲು ತಿಂಗಳುಗಟ್ಟಲೆ ಬೇಕು. ರಕ್ತ ನಿಲ್ಲದೆ ಹೋಗಬಹುದು, ನರ ಸಾಯಬಹುದು, ಕೀವು ಕಟ್ಟಬಹುದು. ನನ್ನ ಮಗುವಿನ ಲಸಿಕೆಗೆ ನಾನು ಇಡೀ ವಾರ ನಡುಗಿದವಳು. ಇವರು ಸ್ವಂತ ಇಷ್ಟದಿಂದ ಬಂದು, ಚುಚ್ಚಿಸಿಕೊಂಡು, ‘ಥ್ಯಾಂಕ್ಸ್ ಮೇಷ್ಟ್ರೇ’ ಎಂದು ಕೈಮುಗಿದು, ಮೆಟ್ಟಿಲ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು.

ಅವರು ನಂಬಿದ್ದು ಅವನ ಒಂದು ಮಾತನ್ನು. ಬಂದವರಿಗೆಲ್ಲ ಅವನು ಎದೆ ಮುಟ್ಟಿಕೊಂಡು ಹೇಳುತ್ತಿದ್ದ: "ನನ್ನ ಮೇಲೆ ಮಾಡ್ಕೊಳ್ಳದೇ ಇರೋದನ್ನ ಇನ್ನೊಬ್ರ ಮೇಲೆ ನಾನು ಮಾಡಲ್ಲ. ಗೋಡೆ ಮೇಲಿರೋದೆಲ್ಲ ಮೊದಲು ಇಲ್ಲಿದೆ." ಇಲ್ಲಿ ಎಂದಾಗ ಕೈ ಎದೆಯಿಂದ ಕೆಳಗಿಳಿಯುತ್ತಿತ್ತು. ಇದು ಎಂಥ ಜಾಣ ಮಾತು ನೋಡಿ. ಕಿವಿಯಾದರೆ ಜನ ಬಗ್ಗಿ ನೋಡುತ್ತಾರೆ. ಇದನ್ನು ಯಾವ ಮರ್ಯಾದಸ್ಥ ‘ಎಲ್ಲಿ, ತೋರ್ಸು’ ಎಂದು ಕೇಳುತ್ತಾನೆ?

ಅದಕ್ಕೆ ತಕ್ಕ ನಡಿಗೆಯನ್ನೂ ಅವನು ಕಲಿತಿದ್ದ. ಕಾಲು ಅಗಲಿಸಿ, ನಿಧಾನಕ್ಕೆ, ಏನೋ ಅಮೂಲ್ಯವಾದದ್ದನ್ನು ಸಾಗಿಸುವವನಂತೆ. ಕೂರುವಾಗ ಒಂದು ಸಣ್ಣ ‘ಸ್ಸ್’. ಕ್ಯಾಷಿಯರ್ ಕುರ್ಚಿ ಎಳೆದುಕೊಟ್ಟು "ನೋವಾ ಮೇಷ್ಟ್ರೇ?" ಎಂದರೆ ಇವನು ಕಣ್ಣು ಅರೆಮುಚ್ಚಿ "ಅಭ್ಯಾಸ ಆಗಿದೆ" ಎನ್ನುತ್ತಿದ್ದ. ಹೆರಿಗೆಯಾಗಿ ಹೊಲಿಗೆ ಬಿದ್ದಾಗ ನಾನೂ ಹೀಗೇ ನಡೆದೆ, ಹೀಗೇ ಕೂತೆ. ನನಗೆ ಯಾರೂ ಕುರ್ಚಿ ಎಳೆದುಕೊಡಲಿಲ್ಲ. "ಇಷ್ಟಕ್ಕೇ ಹೀಗಾಡಿದ್ರೆ ಹೇಗಮ್ಮಾ" ಎಂದರು ಅತ್ತೆ.

ಇಂಥ ಮಹಾನುಭಾವ ಒಂದು ಬೆಳಿಗ್ಗೆ ಆ ಹಲ್ಲಿನ ಡಾಕ್ಟರ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಲು ಒಬ್ಬನೇ ಎತ್ತಿದ. ಜಿಮ್ ಮಾಸ್ಟರ್ ಎದುರಿಗೇ ನಿಂತಿದ್ದನಂತೆ, ಸಹಾಯಕ್ಕೆ ಕೈ ಹಾಕಿದನಂತೆ. "ನೀನು ಬಿಡು, ನಿಂದಿನ್ನೂ ಹಸಿ ಗಾಯ" ಎಂದು ಇವನೇ ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ.

ಕೂಗಿಗೆ ನಾವು ಇಳಿದು ಹೋದಾಗ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಸೊಂಟ ಹಿಡಿದಿರಬೇಕು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಅತ್ತೆ ಎಣ್ಣೆ ತಂದರು. ಸರಿಹೋಗಲಿಲ್ಲ. ಕಾಲು ಜೋಮು ಹಿಡಿದಿದೆ ಎಂದ. ಆಮೇಲೆ, ತೊಡೆಯ ಒಳಗೆ, ಕೂರುವ ಜಾಗದಲ್ಲಿ, ಮುಟ್ಟಿದರೆ ಗೊತ್ತೇ ಆಗುತ್ತಿಲ್ಲ ಎಂದ. ಆಮೇಲೆ ಮೂತ್ರ ಬರಬೇಕೆನಿಸುತ್ತಿದೆ, ಬರುತ್ತಿಲ್ಲ ಎಂದ. ಆಗ ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಇದನ್ನೂ ನಾನು ಎಲ್ಲೋ ಓದಿದ್ದೆ.

ಮಗುವನ್ನು ಇಸ್ತ್ರಿಯವರ ಹೆಂಡತಿಯ ಕೈಗೆ ಕೊಟ್ಟು ಆಂಬುಲೆನ್ಸಿನಲ್ಲಿ ಕೂತೆ. ಆಸ್ಪತ್ರೆಯ ಗಾಳಿಯೆಲ್ಲ ಮೈಗಂಟಿಸಿಕೊಂಡು ವಾಪಸು ಹೋಗಿ ಮಗುವನ್ನು ಎತ್ತಿಕೊಳ್ಳಬೇಕಲ್ಲ ಎಂಬ ಯೋಚನೆಯೇ ದಾರಿಯುದ್ದಕ್ಕೂ.

ಎಮರ್ಜೆನ್ಸಿಯಲ್ಲಿ ನೋಡಿದವರು ಒಬ್ಬ ಹೆಣ್ಣು ಸರ್ಜನ್. ಸೂಜಿಯ ಮೊಂಡು ತುದಿಯಿಂದ ಅಲ್ಲಲ್ಲಿ ಮುಟ್ಟಿ, ಕಾಲೆತ್ತಿಸಿ, ನೇರವಾಗಿ ಹೇಳಿದರು: "ಬೆನ್ನುಮೂಳೆ ನಡುವಿನ ಡಿಸ್ಕು ಜಾರಿ ಕೆಳಗಿನ ನರಗಳನ್ನೆಲ್ಲ ಒತ್ತುತ್ತಾ ಇದೆ. ಈಗಲೇ ಎಮ್‌ಆರ್‌ಐ ಆಗ್ಬೇಕು, ಈಗಲೇ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ಕಾಲು ಹೋಗಬಹುದು, ಮೂತ್ರ ಮಲದ ಮೇಲಿನ ಹಿಡಿತ ಹೋಗಬಹುದು. ಹೋದ್ರೆ ವಾಪಸು ಬರುತ್ತೆ ಅಂತ ನಾನು ಹೇಳಲ್ಲ."

ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವೇ? ಅತ್ತೆ ಗೋಡೆಗೊರಗಿ ಅಳತೊಡಗಿದರು. ಕ್ಯಾಷಿಯರ್ ಬ್ಯಾಂಕಿಗೆ ರಜೆ ಹೇಳಿ ಓಡಿಬಂದಿದ್ದ. ಜಿಮ್ ಮಾಸ್ಟರ್ ಸ್ಟ್ರೆಚರ್ ತಳ್ಳುತ್ತಿದ್ದ. ಎಮ್‌ಆರ್‌ಐ ಕೋಣೆಯ ಬಾಗಿಲಲ್ಲಿ ಒಬ್ಬ ಟೆಕ್ನೀಶಿಯನ್, ಕಿವಿಯ ಹಿಂದೆ ಪೆನ್ನು.

"ಒಳಗಿರೋದು ಭಾರೀ ಅಯಸ್ಕಾಂತ. ಪೇಷಂಟ್ ಮೈಯಲ್ಲಿ ಲೋಹ ಏನಾದ್ರೂ ಇದೆಯಾ?"

ನಮ್ಮವರು ತಟ್ಟನೆ "ಇದೆ" ಎಂದರು.

ಇದು ನಮ್ಮ ಮನೆಯವರು ಮಾತ್ರ ಮಾಡಬಹುದಾದ ಕೆಲಸ. ಯಾರಾದರೂ ಪ್ರಶ್ನೆ ಕೇಳಿದರೆ ತಮಗೆ ಗೊತ್ತಿರುವುದನ್ನೆಲ್ಲ ಹೇಳಬೇಕು ಎಂದು ನಂಬಿದವರು.

"ಏನಿದೆ?"

"ಏಣಿ ಇದೆ."

"ಏಣಿ ಮೇಲಿಂದ ಬಿದ್ರಾ? ಕುರ್ಚಿ ಎತ್ತೋಕ್ಹೋದ್ರು ಅಂದ್ರಲ್ಲ?"

"ಬಿದ್ದಿಲ್ಲ ಸಾರ್. ಏಣಿ ಇದೆ. ಮತ್ತೆ ಕಿರೀಟ ಇದೆ."

"ಕಿರೀಟ ಅಂದ್ರೆ... ಹಲ್ಲಿಗೆ ಕ್ಯಾಪು?"

"ಹಲ್ಲಲ್ಲ ಸಾರ್, ಸ್ವಲ್ಪ ಕೆಳಗೆ. ಅಡ್ಡಪಟ್ಟಿ ಒಂದು, ನಿಲುಗಂಬ ಒಂದು, ಎರಡೂ ಸೇರಿದ್ರೆ ನಾಲ್ಕುದಾರಿ ಅಂತ ಲೆಕ್ಕ. ಆಮೇಲೆ ಹಿತ್ತಲ ಬಾಗಿಲು."

ಟೆಕ್ನೀಶಿಯನ್ ಪೆನ್ನು ಕೈಗೆ ತೆಗೆದುಕೊಂಡು ನಮ್ಮವರನ್ನು ಮೇಲಿನಿಂದ ಕೆಳಗೆ ನೋಡಿದ. "ಯಜಮಾನ್ರೇ, ನಾನು ಪೇಷಂಟ್ ವಿಷಯ ಕೇಳ್ತಾ ಇದೀನಿ, ಮನೆ ಕಟ್ಟಿಸ್ತಾ ಇರೋ ವಿಷಯ ಅಲ್ಲ."

ಜಿಮ್ ಮಾಸ್ಟರ್ ಅವನ ಕಿವಿಯಲ್ಲಿ ಎರಡು ಮಾತು ಹೇಳಿದ. ಟೆಕ್ನೀಶಿಯನ್ನನ ಹುಬ್ಬು ಹಣೆ ದಾಟಿ ಕೂದಲೊಳಗೆ ಹೋಯಿತು.

"ಅಷ್ಟೂನಾ? ಒಬ್ಬರಿಗೇನಾ?"

"ನಮ್ಮ ಮೇಷ್ಟ್ರು" ಎಂದ ಕ್ಯಾಷಿಯರ್, ಹೆಮ್ಮೆಯಿಂದ.

"ಮೇಷ್ಟ್ರೋ ಹೆಡ್‌ಮಾಸ್ಟ್ರೋ, ಎಲ್ಲಾ ಬಿಚ್ಚಿಟ್ಟು ಬರ್ಬೇಕು. ಇಲ್ದಿದ್ರೆ ಯಂತ್ರದೊಳಗೆ ಬಿಡಲ್ಲ. ಕಿತ್ಕೊಂಡು ಬಂದ್ರೆ ನಾನು ಜವಾಬ್ದಾರನಲ್ಲ."

ಎಲ್ಲರೂ ಸ್ಟ್ರೆಚರ್ ಕಡೆ ತಿರುಗಿದೆವು. ಮೈದುನನ ಮುಖ ಬಿಳುಚಿಕೊಂಡಿತ್ತು. ನೋವಿಗೆಂದುಕೊಂಡೆ.

"ಸುಮ್ನೆ ಬಿಚ್ಚೋಕಾಗಲ್ಲ" ಎಂದ. "ಹಳೇದು, ಗಟ್ಟಿಯಾಗಿ ಕೂತಿದೆ. ನನ್ನ ಇಕ್ಕಳ ಬೇಕು. ಅಂಗಡೀಲಿದೆ."

ಜಿಮ್ ಮಾಸ್ಟರ್ ಇಕ್ಕಳ ತರಲು ಓಡಿದ. ಅಷ್ಟರಲ್ಲಿ ಒಬ್ಬ ಗಂಡು ನರ್ಸ್ ಟ್ರೇ ಹಿಡಿದು ಬಂದ. ಮೂತ್ರಕೋಶ ತುಂಬಿ ಹೊಟ್ಟೆ ಉಬ್ಬಿದೆ, ಟ್ಯೂಬ್ ಹಾಕಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಅದು ಹಿಗ್ಗಿ ಸತ್ವ ಕಳೆದುಕೊಳ್ಳುತ್ತದೆ ಎಂದು ಸರ್ಜನ್ ಹೇಳಿ ಕಳಿಸಿದ್ದರು. ಮೈದುನ ಎರಡೂ ಕೈಯಲ್ಲಿ ಹೊದಿಕೆ ಹಿಡಿದುಕೊಂಡ.

"ಬೇಡ. ಒಳಗೆ ಕಂಬಿ ಅಡ್ಡ ಇದೆ. ಟ್ಯೂಬ್ ಹೋಗಲ್ಲ."

"ನೋಡ್ತೀನಿ ಬಿಡಿ."

"ನೋಡೋ ಹಾಗಿಲ್ಲ. ಅದು ನನ್ನ ಸ್ವಂತ ವಿಷಯ."

"ಹಾಗಾದ್ರೆ ಒಂದು ಎಕ್ಸ್‌ರೇ ತೆಗೆಯೋಣ, ಎಲ್ಲೆಲ್ಲಿದೆ ಗೊತ್ತಾಗುತ್ತೆ."

"ಎಕ್ಸ್‌ರೇಗೆ ಲೋಹ ಬಿಸಿಯಾಗುತ್ತೆ" ಎಂದ. ಇಷ್ಟು ದೊಡ್ಡ ಸುಳ್ಳನ್ನು ಆಸ್ಪತ್ರೆಯ ಮಧ್ಯದಲ್ಲಿ ಮಲಗಿ ಹೇಳಲು ಬಹಳ ಧೈರ್ಯ ಬೇಕು, ಇಲ್ಲವೇ ಸ್ವಲ್ಪವೂ ಬುದ್ಧಿ ಇರಬಾರದು. ನರ್ಸ್ ಟ್ರೇ ಹಿಡಿದುಕೊಂಡು ಸರ್ಜನ್‌ರನ್ನು ಹುಡುಕಿ ಹೋದ. ನಮ್ಮವರು ಅವನ ಹಿಂದೆ ಹೋದರು. ಕ್ಯಾಷಿಯರ್ ಅತ್ತೆಯನ್ನು ಆಚೆಯ ಬೆಂಚಿನಲ್ಲಿ ಕೂರಿಸಿ ನೀರು ತರಲು ಹೋದ.

ಸ್ಟ್ರೆಚರ್ ಪಕ್ಕ ನಾನೊಬ್ಬಳೇ ಉಳಿದೆ.

"ಅತ್ತಿಗೆ" ಎಂದ. "ಹತ್ರ ಬನ್ನಿ."

ಹೋದೆ.

"ಏನೂ ಇಲ್ಲ."

"ಏನು ಏನೂ ಇಲ್ಲ? ನೋವಿಲ್ವಾ?"

"ಒಂದೂ ಇಲ್ಲ ಅತ್ತಿಗೆ. ಏಣಿ, ಕಿರೀಟ, ಯಾವ್ದೂ ಇಲ್ಲ. ಸೂಜಿ ಅಂದ್ರೆ ನನಗೆ ಚಿಕ್ಕಂದಿನಿಂದ ಆಗಲ್ಲ. ಒಂದ್ಸಲ ಪ್ರಯತ್ನ ಮಾಡಿದ್ದೆ. ಕನ್ನಡಿ ಮುಂದೆ. ಸೂಜಿ ಹತ್ರ ತಂದೆ ಅಷ್ಟೇ, ಎಚ್ಚರ ತಪ್ತು."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿಯಿತು. ಇವನ ಆ ಅಗಲಗಾಲಿನ ನಡಿಗೆ, ಆ ‘ಸ್ಸ್’, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು.

"ಮತ್ತೆ ಹೇಳೋ, ಮಾರಾಯ! ಇಲ್ಲ ಅಂತ ಹೇಳಿ ಒಳಗೆ ಹೋಗು!"

"ಅವರ ಮುಂದೆ ಹೇಗೆ ಹೇಳ್ಲಿ? ಅವರೆಲ್ಲ ನನ್ನ ನಂಬಿ ಹಾಕಿಸ್ಕೊಂಡಿದಾರೆ. ನೀವು ಒಂದು ಕೆಲಸ ಮಾಡಿ. ಟೆಕ್ನೀಶಿಯನ್‌ಗೆ ಗುಟ್ಟಾಗಿ ಹೇಳಿ. ಉಳಿದೋರಿಗೆ, ಪರದೆ ಹಿಂದೆ ನಾನೇ ಬಿಚ್ಕೊಂಡೆ ಅಂತ ಹೇಳಿ."

ಕಾಲು ಸಾಯುತ್ತಿದೆ, ಮೂತ್ರ ಕಟ್ಟಿದೆ, ಇವನಿಗೆ ಪರದೆಯ ಚಿಂತೆ. ಬೈಯಲು ಹೊತ್ತಿರಲಿಲ್ಲ. ಟೆಕ್ನೀಶಿಯನ್ ಹತ್ತಿರ ಓಡಿದೆ.

"ಏನೂ ಇಲ್ವಂತೆ. ಕರ್ಕೊಳ್ಳಿ."

"ಅಣ್ಣ ಮನೆ ನಕ್ಷೆನೇ ಹೇಳಿದ್ರು. ನೀವು ಬಂದು ಇಲ್ಲ ಅಂತೀರಿ. ನೀವೇನಾಗ್ಬೇಕು ಅವರಿಗೆ?"

"ಅತ್ತಿಗೆ."

"ನಿಮಗೆ ಹೇಗೆ ಗೊತ್ತು?"

ಆ ಪ್ರಶ್ನೆಯನ್ನು ಅವನು ಕೇಳಿದ ರೀತಿಗೆ ನನ್ನ ಕೆನ್ನೆ ಸುಟ್ಟುಹೋಯಿತು. ನನ್ನ ಇಡೀ ವಂಶದಲ್ಲಿ ಯಾರಿಗೂ ಇಂಥ ಪ್ರಶ್ನೆ ಬಂದಿರಲಿಕ್ಕಿಲ್ಲ.

"ಅವನೇ ಹೇಳ್ದ!"

"ಹಾಗಾದ್ರೆ ನನಗೂ ಅವರೇ ಹೇಳ್ಲಿ. ಇಲ್ಲಾ ನರ್ಸ್ ನೋಡಿ ಹೇಳ್ಲಿ. ಬೇರೆ ದಾರಿ ಇಲ್ಲಮ್ಮ."

ಅವನನ್ನು ಸ್ಟ್ರೆಚರ್ ಹತ್ತಿರ ಕರೆತರುವಷ್ಟರಲ್ಲಿ ಜಿಮ್ ಮಾಸ್ಟರ್ ಇಕ್ಕಳ ಹಿಡಿದು ಏದುಸಿರು ಬಿಡುತ್ತಾ ಬಂದು ನಿಂತಿದ್ದ. ಕ್ಯಾಷಿಯರ್ ನೀರಿನ ಬಾಟಲಿಯೊಂದಿಗೆ ಪಕ್ಕದಲ್ಲಿ. ನಮ್ಮವರು, ಸರ್ಜನ್, ನರ್ಸ್, ಎಲ್ಲರೂ ಸೇರಿದ್ದರು.

ಟೆಕ್ನೀಶಿಯನ್ ಬಗ್ಗಿ ಕೇಳಿದ: "ಮೇಷ್ಟ್ರೇ, ಇದೆಯಾ ಇಲ್ವಾ?"

ಮೈದುನ ಇಕ್ಕಳ ನೋಡಿದ. ಇಕ್ಕಳ ಹಿಡಿದವನ ಮುಖ ನೋಡಿದ.

"ಇದೆ" ಎಂದ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸರ್ಜನ್ ಗೋಡೆಯ ಗಡಿಯಾರದ ಕಡೆ ನೋಡಿ, ಅವನ ಕಾಲ್ಬೆರಳು ಮುಟ್ಟಿ, "ಆಡಿಸಿ" ಎಂದರು. ಬೆಳಿಗ್ಗೆ ಆಡುತ್ತಿದ್ದ ಎಡಗಾಲಿನ ಬೆರಳು ಈಗ ಸುಮ್ಮನಿತ್ತು. "ಇಷ್ಟೊತ್ತಿಗೆ ನಾನು ಆಪರೇಷನ್ ಶುರು ಮಾಡಿರ್ಬೇಕಿತ್ತು" ಎಂದರು, ಸಿಟ್ಟಿಲ್ಲದೆ. ಸಿಟ್ಟಿಲ್ಲದ ಆ ಧ್ವನಿಯೇ ನನ್ನನ್ನು ಹೆದರಿಸಿತು.

ನಾನು ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

"ನೋಡಪ್ಪಾ. ದಿನಾ ಡೈಪರ್ ಬದಲಾಯಿಸೋಳು ನಾನು. ಅದು ಏನು ಕೆಲಸ ಅಂತ ನನಗೆ ಗೊತ್ತು. ನಿಂದು ನಾನು ಬದಲಾಯಿಸಲ್ಲ. ಈಗ್ಲೇ ಹೇಳಿರ್ತೀನಿ, ಆಮೇಲೆ ಮುನಿಸ್ಕೋಬೇಡ. ಅತ್ತೆಗೆ ಮಂಡಿ ನೋವು, ಬಗ್ಗೋಕಾಗಲ್ಲ. ನಿಮ್ಮಣ್ಣ ಮಗುದು ಒಂದು ಬದಲಾಯಿಸಿ ಅಂದ್ರೆ ಮೂಗು ಮುಚ್ಕೊಂಡು ಲಿಫ್ಟ್ ಕೆಟ್ಟಿದೆ ಅಂತ ಓಡ್ತಾರೆ. ಇನ್ನು ಉಳಿದೋರು ನಿನ್ನ ಶಿಷ್ಯರು. ಕ್ಯಾಷಿಯರ್ ಅವ್ರೇ, ಮೇಷ್ಟ್ರಿಗೆ ಬೆಳಿಗ್ಗೆ ಸಂಜೆ ಡೈಪರ್ ಬದಲಾಯ್ಸೋಕೆ ಬರ್ತೀರಾ? ಜೀವನ ಪೂರ್ತಿ?"

ಕ್ಯಾಷಿಯರ್ ನೀರಿನ ಬಾಟಲಿಯ ಮೇಲಿದ್ದ ಚೀಟಿ ಓದತೊಡಗಿದ.

"ನೀವು ಮಾಸ್ಟ್ರೇ?"

"ನಂದು ಬೆಳಿಗ್ಗೆ ಬ್ಯಾಚ್ ಇರುತ್ತೆ ಅಕ್ಕಾ" ಎಂದ ಜಿಮ್ ಮಾಸ್ಟರ್.

ಮೈದುನ ಇಬ್ಬರನ್ನೂ ನೋಡಿದ. ಒಬ್ಬರಾದ ಮೇಲೆ ಒಬ್ಬರನ್ನು, ನಿಧಾನವಾಗಿ. ಆಮೇಲೆ ಟೆಕ್ನೀಶಿಯನ್ ಕಡೆ ತಿರುಗಿ ಏನೋ ಅಂದ.

"ಕೇಳಿಸ್ಲಿಲ್ಲ."

"ಇಲ್ಲ" ಎಂದ. "ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ."

ಟೆಕ್ನೀಶಿಯನ್ ಬಾಗಿಲು ತಳ್ಳಿ ಒಳಗಿದ್ದವನಿಗೆ, ಅಲ್ಲಿನ ಯಂತ್ರದ ಸದ್ದು ಮೀರಿಸಿ, ಕೂಗಿದ: "ಕರ್ಕೋ! ಲೋಹ ಏನೂ ಇಲ್ಲ! ಯಾವತ್ತೂ ಇರ್ಲಿಲ್ವಂತೆ!" ಕಾರಿಡಾರಿನಲ್ಲಿ ಕೂತವರೆಲ್ಲ ತಲೆಯೆತ್ತಿದರು.

ಸ್ಟ್ರೆಚರ್ ಹೊರಟಾಗ ಕ್ಯಾಷಿಯರ್ ಅದರ ಕಂಬಿ ಹಿಡಿದುಕೊಂಡು ಜೊತೆಗೇ ಎರಡು ಹೆಜ್ಜೆ ಹೋದ.

"ಮೇಷ್ಟ್ರೇ, ಹಾಗಾದ್ರೆ ನನ್ನ ಅಡ್ಡಪಟ್ಟಿ? ಅದು ನೀವು ಮೊದಲನೇ ಸಲ ಹಾಕಿದ್ದಾ?"

ಮೈದುನ ಕಣ್ಣು ಮುಚ್ಚಿಕೊಂಡ.

"ನನ್ನ ಮೇಲೆ ಕಲಿತ್ರಾ?"

ನರ್ಸ್ ಅವನ ಕೈ ಬಿಡಿಸಿ ಬಾಗಿಲು ಹಾಕಿದ. ಕ್ಯಾಷಿಯರ್ ಬೆಂಚಿನ ಮೇಲೆ ಕೂತ. ಬಹಳ ಹುಷಾರಾಗಿ ಕೂತ, ಅವನದು ನಟನೆಯಲ್ಲ. ಜಿಮ್ ಮಾಸ್ಟರ್ ಇಕ್ಕಳವನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತೆಯ ಕೈಗೆ ಕೊಟ್ಟ. ಅತ್ತೆ ಕಣ್ಣೊರೆಸಿಕೊಂಡು "ನಲ್ಲಿದಾ?" ಎಂದರು.

ಇಬ್ಬರೂ ಅದಾದ ಮೇಲೆ ನಮ್ಮ ಬೀದಿಗೆ ಬಂದದ್ದನ್ನು ನಾನು ಕಾಣೆ. ದೂರು ಕೊಡಲಿಲ್ಲ, ಜಗಳಕ್ಕೂ ಬರಲಿಲ್ಲ. ಯಾರ ಹತ್ತಿರ ಹೋಗಿ ಏನೆಂದು ಹೇಳಿಕೊಳ್ಳುತ್ತಾರೆ ಪಾಪ; ಹೇಳಬೇಕಾದರೆ ಮೊದಲು ತಮ್ಮದನ್ನು ಹೇಳಬೇಕು. ಬೇರೆ ಗಂಡಸರೂ ಬರುವುದು ನಿಂತಿತು. ಗೋಡೆಯ ಚಿತ್ರಗಳನ್ನು ನಮ್ಮವರೇ ಕಿತ್ತು ಹಾಕಿದರು. ಈಗ ಅಲ್ಲಿ ಕಾಲೇಜು ಹುಡುಗಿಯರು ಮೂಗು ಚುಚ್ಚಿಸಿಕೊಳ್ಳುತ್ತಾರೆ, ಅವನನ್ನು ಅಂಕಲ್ ಎನ್ನುತ್ತಾರೆ.

ಆಪರೇಷನ್ ಆಯಿತು. ಕಾಲು ಬಂತು, ಎಡಪಾದ ಸ್ವಲ್ಪ ಎಳೆಯುತ್ತದೆ. ಮೂತ್ರಕೋಶ ಬರಲಿಲ್ಲ. ಅಷ್ಟು ಹೊತ್ತು ತುಂಬಿ ಹಿಗ್ಗಿದ್ದು ಕುಗ್ಗುವುದನ್ನು ಮರೆಯಿತು ಎಂದರು ಸರ್ಜನ್, ನೆನಪಾಗಬಹುದು, ಆಗದಿರಬಹುದು. ಅಲ್ಲಿಯವರೆಗೆ ದಿನಕ್ಕೆ ಹಲವು ಸಲ ಅವನೇ ಒಂದು ತೆಳು ಟ್ಯೂಬನ್ನು ಅಂಗದ ತುದಿಯಿಂದ ಒಳಗೆ ತೂರಿಸಿಕೊಂಡು ಖಾಲಿ ಮಾಡಿಕೊಳ್ಳಬೇಕು. ಆ ಗಂಡು ನರ್ಸ್ ಹೇಳಿಕೊಟ್ಟ. ಮೊದಲ ಸಲ ಟ್ಯೂಬ್ ಹತ್ತಿರ ತಂದಾಗಲೇ ಎಚ್ಚರ ತಪ್ಪಿದನಂತೆ. ಎರಡನೇ ಸಲವೂ.

ಅಲ್ಲಿಗೆ ಸೂಜಿಯೂ ಹೋಗದಂತೆ ಕಾಪಾಡಿಕೊಂಡಿದ್ದ ಮನುಷ್ಯ. ನನ್ನ ತಿರಸ್ಕಾರವೇನೂ ಕಡಿಮೆಯಾಗಿಲ್ಲ. ಅವತ್ತು ಬಾಯಿಬಿಟ್ಟು ಒಂದು ಮಾತು ಬೇಗ ಆಡಿದ್ದರೆ ಇವತ್ತು ಎಲ್ಲರ ಹಾಗೆ ಬಚ್ಚಲಿಗೆ ಹೋಗಿ ಬರುತ್ತಿದ್ದ. ಮಗುವಿಗೆ ಸೋಂಕಾದೀತೆಂದು ಅವನ ಟ್ಯೂಬಿನ ಪೊಟ್ಟಣಗಳಿಗೆ ಬೇರೆ ಡಬ್ಬಿ ಇಟ್ಟಿದ್ದೇನೆ, ಬಚ್ಚಲಿಗೆ ಬೇರೆ ಬಕೆಟ್ಟು, ಬೇರೆ ಸೋಪು. ಮುಚ್ಚಳ ಹಾಕಿದೆಯೇ ಎಂದು ದಿನವೂ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಮಗು ಅತ್ತೆಯ ಹತ್ತಿರ ಆಡುತ್ತಿತ್ತು. ನಾನು ಬಟ್ಟೆ ಮಡಿಸುತ್ತಿದ್ದೆ. ಬಚ್ಚಲ ಬಾಗಿಲ ಹಿಂದಿನಿಂದ ದನಿ ಬಂತು.

"ಅತ್ತಿಗೆ, ಅಲ್ಲಿದೀರಾ?"

"ಏನು?"

"ಏನಿಲ್ಲ. ಟ್ಯೂಬ್ ನೋಡಿದ್ರೇ ಕಣ್ಣು ಕತ್ಲೆ ಬರ್ತಿದೆ. ಅಲ್ಲೇ ಇದ್ದು ಏನಾದ್ರೂ ಮಾತಾಡ್ತಿರಿ, ಸಾಕು."

"ನಾನೇನು ಮಾತಾಡ್ಲಿ ನಿನ್ಹತ್ರ?"

"ಏನಾದ್ರೂ. ಬೈಯಿರಿ ಬೇಕಾದ್ರೆ."

ಬೈದೆ. ಬೆಳಗಿನಿಂದ ಬಾಯಲ್ಲಿದ್ದದ್ದನ್ನೆಲ್ಲ ಬೈದೆ. ಒಳಗಿನಿಂದ ನೀರು ಬೀಳುವ ಸದ್ದು ಕೇಳುವವರೆಗೆ ನಿಲ್ಲಿಸಲಿಲ್ಲ.